ಕೊನೆಯ ಹದಿನಾರು ಪುಟ

ಎರಡು ಹಗಲು ಎರಡು ರಾತ್ರಿ ಊರಿಗೆ ಊರೇ ಕರೆಂಟಿಲ್ಲದೆ ಕೂತಿತ್ತಲ್ಲ, ಅದೇ ಎಲ್ಲಕ್ಕೂ ನೆಪ. ಆ ಎರಡು ದಿನದಲ್ಲಿ ಈ ಮನೆಯ ದೊಡ್ಡ ಮಗ, ಲಿಫ್ಟ್ ಮೆಕ್ಯಾನಿಕ್ಕು, ಹನ್ನೊಂದು ಜನರನ್ನು ಲಿಫ್ಟುಗಳ ಹೊಟ್ಟೆಯಿಂದ ಈಚೆಗೆಳೆದು, ಮನೆಗೆ ಬಂದು ಬೂಟು ಕೂಡ ಬಿಚ್ಚದೆ ಬಿದ್ದುಕೊಂಡ. ಅವನ ಹೆಂಡತಿ, ಅಂದರೆ ಮನೆಯ ದೊಡ್ಡ ಸೊಸೆ, ನಗರ ಗ್ರಂಥಾಲಯದಲ್ಲಿ ಹರಿದ ಪುಸ್ತಕ ರಿಪೇರಿ ಮಾಡುವವಳು. ಅವಳು ಅಲ್ಲಿಯ ಮೇಜನ್ನು ಕಿಟಕಿಯ ಬೆಳಕಿಗೆ ಎಳೆದುಕೊಂಡು ಎಂದಿನ ಹಾಗೆ ಸೂಜಿ ದಾರ ಹಿಡಿದು ಕೂತಳು. ಊರೆಲ್ಲ ನಿಂತಾಗ ನಿಲ್ಲದ ಕೆಲಸ ಅವಳದು. ಅದನ್ನು ಮನೆಯಲ್ಲಿ ಒಂದು ನರಪಿಳ್ಳೆಯೂ ಗಮನಿಸಲಿಲ್ಲ. ಎಲ್ಲರೂ ನೆನಪಿಟ್ಟುಕೊಂಡದ್ದು ಚಿಕ್ಕ ಸೊಸೆ ಆಡಿದ ಮಾತನ್ನು.

"ಎರಡು ದಿನಕ್ಕೇ ಹೀಗಾದ್ರೆ, ಎರಡು ವರ್ಷ ಹೋದ್ರೆ ಏನಾಗುತ್ತೆ?" ಅಂದಿದ್ದಳು ಅವಳು, ಬ್ರೆಡ್ಡು ಮುರಿಯುತ್ತಾ.

"ಎರಡು ವರ್ಷದ್ದು ಆಮೇಲೆ ನೋಡೋಣ. ಫ್ರಿಜ್ಜಲ್ಲಿ ಹಾಲು ಕೆಡ್ತಾ ಇದೆ, ಎಲ್ಲರೂ ಒಂದೊಂದು ಲೋಟ ಕುಡಿದು ಪುಣ್ಯ ಕಟ್ಕೊಳ್ಳಿ," ಅಂದಳು ದೊಡ್ಡವಳು.

ಕೆಲಸಕ್ಕೆ ಬರುವ ಮಾತೇ ಅದು. ಆದರೆ ಅವಳ ಮಗಳು ಹಾಲಿನ ಲೋಟ ಕೈಯಲ್ಲಿ ಹಿಡಿದು ಚಿಕ್ಕಮ್ಮನ ಮುಖವನ್ನೇ ನೋಡುತ್ತಿದ್ದಳು.

ಮಗಳಿಗೆ ಹದಿನೈದು. ಕೂಸಾಗಿದ್ದಾಗ ಸಣ್ಣ ದನಿಯಲ್ಲಿ ಬಿಡದೆ ರಾಗ ಎಳೆಯುತ್ತಿದ್ದಳೆಂದು ಅಜ್ಜಿ ಇಟ್ಟ ಅಡ್ಡಹೆಸರು ಪಿಟೀಲು. ಚಿಕ್ಕವಳು ಈ ಮನೆಗೆ ಬಂದು ಎರಡು ವರ್ಷ, ಕೆಲಸ ಕನ್ನಡಕದ ಅಂಗಡಿಯ ಕೌಂಟರಿನಲ್ಲಿ. ಅವಳ ಗಂಡ ರಸ್ತೆ ಹಾಕುವ ಕಂಪನಿಯವನು, ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಅದೇ ದೊಡ್ಡದು. ಉಳಿದ ದಿನ ಅವಳಿಗೆ ಜೊತೆ ಪಿಟೀಲು, ಪಿಟೀಲಿಗೆ ಜೊತೆ ಅವಳು.

ಕರೆಂಟು ಬಂದ ಮರುವಾರವೇ ಚಿಕ್ಕವಳು ಆನ್‌ಲೈನಲ್ಲಿ ಪುಸ್ತಕದ ಕ್ಲಬ್ಬು ಶುರುಮಾಡಿದಳು. ಸಮಾಜಗಳು ಹೇಗೆ ಕುಸಿದು ಬೀಳುತ್ತವೆ ಅನ್ನುವ ಪುಸ್ತಕಗಳನ್ನಷ್ಟೇ ಓದುವ ಕ್ಲಬ್ಬು. ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ. ಹೆಸರು ‘ಕುಸಿತ ಕೂಟ’.

"ಕುಸುರಿ ಕೂಟಾನಾ? ಒಳ್ಳೇದಾಯ್ತು ಬಿಡು," ಅಂದರು ಅತ್ತೆ. "ನಾಲ್ಕು ಜನಕ್ಕೆ ಕಸೂತಿ ಹೇಳ್ಕೊಟ್ರೆ ಕೈಗೂ ಕೆಲಸ."

"ಕುಸುರಿ ಅಲ್ಲ ಅಜ್ಜಿ, ಕುಸಿತ. ಬೀಳೋದು!" ಪಿಟೀಲು ಕಿರುಚಿದಳು.

"ಬೀಳೋದಕ್ಕೆ ಕೂಟ ಯಾಕೆ? ನಾನು ಬಾತ್‌ರೂಮಲ್ಲಿ ಒಬ್ಬಳೇ ಬಿದ್ದೆನಲ್ಲ."

ಮೊದಲ ವಾರ ಪರದೆಯ ಮೇಲೆ ಒಂಬತ್ತು ಮುಖ. ಮೂರನೇ ವಾರಕ್ಕೆ ನಲವತ್ತು. ಒಬ್ಬ ಹಲ್ಲಿನ ಡಾಕ್ಟ್ರು, ಒಬ್ಬ ಹಡಗಿನ ರೇಡಿಯೋದವನು, ಇಬ್ಬರು ಮೂವರು ಮೇಷ್ಟ್ರುಗಳು, ಎಲ್ಲೆಲ್ಲಿಯವರೋ. ಮನೆಯಲ್ಲಿದ್ದ ಊಟದ ಮೇಜು ಒಂದೇ, ಅದು ಭಾನುವಾರ ಮೂರೂವರೆಗೆ ಖಾಲಿಯಾಗಬೇಕು. ನಾಲ್ಕರಿಂದ ಐದೂವರೆ ತನಕ ಕುಕ್ಕರ್ ಕೂಗಬಾರದು, ನಲ್ಲಿ ಸುರಿಯಬಾರದು, ಅತ್ತೆ ಕೆಮ್ಮಬಾರದು. ವಾರಕ್ಕೊಂದು ರಜೆ ಸಿಗುವ ದೊಡ್ಡವಳು ಅರ್ಧ ಹೆಚ್ಚಿದ ಈರುಳ್ಳಿ ಮುಂದಿಟ್ಟುಕೊಂಡು ಅಡುಗೆಮನೆಯಲ್ಲಿ ಕಳ್ಳಿಯ ಹಾಗೆ ಕೂರುತ್ತಿದ್ದಳು.

"ನನ್ನ ಮನೇಲಿ ನಾನೇ ಪಿಸುಗುಡಬೇಕು," ಅಂತ ಗಂಡನ ಹತ್ತಿರ ಹೇಳಿದಳು.

"ಒಂದೂವರೆ ಗಂಟೆ ತಾನೇ. ಪಾಪ, ಏನೋ ಮಾಡ್ಕೊಳ್ಳಲಿ. ತಲೆ ಇರೋ ಹುಡುಗಿ."

"ಹೌದಪ್ಪ, ನಮಗೆಲ್ಲ ಕುತ್ತಿಗೆ ಮೇಲೆ ಸೋರೆಕಾಯಿ."

ಗಂಡ ಟೀವಿ ಕಡೆ ತಿರುಗಿದ. ಲಿಫ್ಟು ಎರಡು ಮಹಡಿಯ ಮಧ್ಯೆ ಸಿಕ್ಕಿಕೊಂಡರೆ ಅವನಿಗೆ ಏನು ಮಾಡಬೇಕೆಂದು ಗೊತ್ತು. ಇಬ್ಬರು ಹೆಂಗಸರ ಮಧ್ಯೆ ಸಿಕ್ಕಿಕೊಳ್ಳುವ ಕೆಲಸಕ್ಕೆ ಅವನು ಕೈಹಾಕುತ್ತಿರಲಿಲ್ಲ.

ಮೇಜೇನು ದೊಡ್ಡ ವಿಷಯವಲ್ಲ, ನಿಜ ಹೇಳಬೇಕೆಂದರೆ. ಅವಳ ಹೊಟ್ಟೆಯಲ್ಲಿ ಉರಿಯುತ್ತಿದ್ದದ್ದು ಬೇರೆ. ಒಂದು ಸಂಜೆ ಊಟದ ಹೊತ್ತಲ್ಲಿ ಪಿಟೀಲು ಎಷ್ಟು ಸಲ ‘ಚಿಕ್ಕಮ್ಮ’ ಅಂತಾಳೆಂದು ಎಣಿಸಿದಳು. ಹದಿನೇಳು ಸಲ. ‘ಅಮ್ಮ’ ಎರಡು ಸಲ, ಅದರಲ್ಲಿ ಒಂದು ಬೆಣ್ಣೆ ಕೇಳುವುದಕ್ಕೆ.

"ಕ್ಲಬ್ಬಲ್ಲಿ ಒಂದು ಲಿಸ್ಟ್ ಮಾಡಿದ್ವಿ," ಅಂದಳು ಪಿಟೀಲು ಆ ಸಂಜೆಯೇ. "ಎಲ್ಲಾ ಕುಸಿದು ಬಿದ್ದ ಮೇಲೆ ಯಾವ್ಯಾವ ಕೆಲಸದೋರು ಬೇಕಾಗ್ತಾರೆ ಅಂತ. ಡಾಕ್ಟ್ರು, ಬಾವಿ ತೋಡೋರು, ಬೀಜ ಕೂಡಿಡೋರು. ಕನ್ನಡಕದೋರೂ ಇದಾರೆ!"

"ಲಿಫ್ಟಿನೋರು?" ಕೇಳಿದ ಅಪ್ಪ.

"ಲಿಫ್ಟೇ ಇರಲ್ಲಪ್ಪ."

"ಹಾಗಾದ್ರೆ ನನಗೆ ರಜೆ."

"ಪುಸ್ತಕ ಹೊಲಿಯೋರು?" ದೊಡ್ಡವಳು ಆಲೂಗಡ್ಡೆ ಬಡಿಸುತ್ತಾ, ಸುಮ್ಮನೆ ಕೇಳಿದ ಹಾಗೆ ಕೇಳಿದಳು.

"ಅದು... ಲಿಸ್ಟಲ್ಲಿ ಬರಲಿಲ್ಲಮ್ಮ."

"ಸೇರಿಸೋಣ ಅಕ್ಕ, ಖಂಡಿತ ಸೇರಿಸಬೇಕು," ಅಂದಳು ಚಿಕ್ಕವಳು ತಕ್ಷಣ. ಆ ‘ಸೇರಿಸೋಣ’ ಕೇಳಿ ದೊಡ್ಡವಳಿಗೆ ಮೈಯೆಲ್ಲ ಉರಿಯಿತು. ಅಯ್ಯೋ, ಇವಳ ದಯೆಯಿಂದ ನಾನು ಲಿಸ್ಟಿಗೆ ಸೇರಬೇಕಾ!

ಆರು ವರ್ಷದವಳಿದ್ದಾಗಿನಿಂದ ಪಿಟೀಲು ಶನಿವಾರ ಮಧ್ಯಾಹ್ನ ಸ್ಕೂಲು ಬಿಟ್ಟವಳೇ ಗ್ರಂಥಾಲಯದ ರಿಪೇರಿ ಕೋಣೆಗೆ ಬರುತ್ತಿದ್ದಳು. ಅಮ್ಮ ಮಗಳು ಮೊಟ್ಟೆ ಬ್ರೆಡ್ಡು ತಿಂದು, ಒಬ್ಬಳು ಹೊಲಿಯುವುದು, ಒಬ್ಬಳು ಪುಸ್ತಕದ ಬೆನ್ನಿಗೆ ಅಂಟು ಬಳಿಯುವುದು. ಆ ವಾರ ಬರಲಿಲ್ಲ. ಅದರ ಹಿಂದಿನ ವಾರವೂ ಬಂದಿರಲಿಲ್ಲ. ಮನೆಗೆ ಬಂದು ನೋಡಿದರೆ ಚಿಕ್ಕಮ್ಮನ ಮಂಚದ ಮೇಲೆ ಕಾಲು ಮಡಿಚಿ ಕೂತು ಟಿಪ್ಪಣಿ ಬರೆಯುತ್ತಿದ್ದಾಳೆ.

"ಏನೇ, ಎರಡು ಶನಿವಾರ ಆಯ್ತು. ಡಬ್ಬಿ ಹಾಗೇ ವಾಪಸ್ ತಂದೆ."

"ಓದೋದಿತ್ತಮ್ಮ."

"ಅಲ್ಲೇ ಕೂತು ಓದಬಹುದಿತ್ತು. ಸುತ್ತ ಪುಸ್ತಕವೇ ಅಲ್ವಾ ಇರೋದು?"

ಪಿಟೀಲು ಪೆನ್ನು ಎತ್ತದೆ ಅಂದಳು: "ನೀನು ಪುಸ್ತಕ ಹೊಲಿತೀಯ, ಚಿಕ್ಕಮ್ಮ ಪುಸ್ತಕ ಓದ್ತಾರೆ. ಎರಡೂ ಒಂದೇನಾ ಅಮ್ಮ?"

ಬೇಕೆಂದು ಚುಚ್ಚಿದ್ದಲ್ಲ ಅದು. ಮಕ್ಕಳು ಕಲ್ಲು ಎಸೆಯುವಾಗ ಎಲ್ಲಿ ಬೀಳುತ್ತೆ ಅಂತ ನೋಡುವುದಿಲ್ಲ. ದೊಡ್ಡವಳು ಅಡುಗೆಮನೆಗೆ ಹೋಗಿ ಡಬ್ಬಿ ತೊಳೆದಳು. ತೊಳೆದದ್ದನ್ನೇ ಮತ್ತೊಂದು ಸಲ ತೊಳೆದಳು.

ಎರಡು ದಿನ ಬಿಟ್ಟು ಚಿಕ್ಕವಳು ಬಂದು ಕೇಳಿದಳು: "ಅಕ್ಕಾ, ‘ಏಳು ಕಾಲುವೆಗಳ ಊರು’ ಅಂತ ಹಳೇ ಪುಸ್ತಕ, ನಿಮ್ಮ ಲೈಬ್ರರೀಲಿ ಇದೆಯಂತೆ. ಮುಂದಿನ ಸಲಕ್ಕೆ ಅದೇ ಇಟ್ಕೊಂಡಿದೀವಿ. ತರ್ತೀರಾ?"

ಇತ್ತು, ಅವಳ ಮೇಜಿನ ಮೇಲೇ ಇತ್ತು, ಬೆನ್ನು ಮುರಿದುಕೊಂಡು. ಏಳು ಕಾಲುವೆ ತೋಡಿ ಮೆರೆದ ಒಂದು ದೊಡ್ಡ ಪಟ್ಟಣ ಹೇಗೆ ನೀರಿಲ್ಲದೆ ಜನವಿಲ್ಲದೆ ಬರಿದಾಯಿತು ಅನ್ನುವ ಕಥೆ. ಇಂಥ ಪುಸ್ತಕಗಳನ್ನು ಹದಿನಾರು ಹದಿನಾರು ಪುಟದ ಮಡಿಕೆಗಳಾಗಿ ಮಡಚಿ, ಒಂದರ ಮೇಲೊಂದು ಇಟ್ಟು ದಾರದಲ್ಲಿ ಹೊಲಿದಿರುತ್ತಾರೆ. ಹಳೆ ದಾರ ಬಿಚ್ಚಿ ಮಡಿಕೆಗಳನ್ನು ಸಾಲಾಗಿ ಜೋಡಿಸಿಟ್ಟಾಗ ಕೊನೆಯ ಮಡಿಕೆ ಅವಳ ಕೈಗೆ ಬಂತು. ಅದರಲ್ಲಿದ್ದದ್ದು ‘ಉಳಿದವರು’ ಅನ್ನುವ ಕೊನೆಯ ಅಧ್ಯಾಯ. ಊರೆಲ್ಲ ಬಿಟ್ಟುಹೋದ ಮೇಲೆ ಅಲ್ಲೇ ಉಳಿದ ನಲವತ್ತು ಮನೆಯವರು ಒಂದೇ ಒಂದು ಕಾಲುವೆಯ ಹೂಳೆತ್ತಿ, ಸರದಿ ಹಾಕಿಕೊಂಡು ನೀರು ಹಂಚಿಕೊಂಡು, ನೂರು ವರ್ಷ ಬದುಕಿದರು ಅಂತ ಇತ್ತು. ಹಳೆ ಕಾಲದ ಪುಸ್ತಕವಾದ್ದರಿಂದ ಪರಿವಿಡಿಯೂ ಹಿಂದುಗಡೆ, ಅದೇ ಮಡಿಕೆಯಲ್ಲೇ.

ಅವಳು ನಿಂತುಕೊಂಡೇ ಅಷ್ಟನ್ನೂ ಓದಿದಳು. ಯಾರು ಹೇಳಿದ್ದು ಅವಳು ಓದಲ್ಲ ಅಂತ? ಇಪ್ಪತ್ತು ವರ್ಷದಿಂದ ಹೊಲಿದ ಪುಸ್ತಕವನ್ನೆಲ್ಲ ಓದಿದ್ದಾಳೆ. ಕ್ಯಾಮೆರಾ ಮುಂದೆ ಕೂತು ಹೇಳಲಿಲ್ಲ, ಅಷ್ಟೇ.

ಹೊಲಿಗೆ ಶುರುಮಾಡಿದಳು. ಕೊನೆಯ ಮಡಿಕೆಯ ಹತ್ತಿರ ಬಂದಾಗ ಸೂಜಿ ನಿಂತಿತು. ಹಿಂದಿನ ಮಡಿಕೆಯ ಕಡೇ ಸಾಲು ಕಣ್ಣಿಗೆ ಬಿತ್ತು: ‘ಕೊನೆಯ ಗಾಡಿ ಹೋದ ಮೇಲೆ ಆ ಊರಲ್ಲಿ ಬೊಗಳುವುದಕ್ಕೂ ಏನೂ ಉಳಿಯಲಿಲ್ಲ.’ ಪುಸ್ತಕ ಅಲ್ಲೇ ಮುಗಿಯಿತು ಅಂದರೆ ಯಾರೂ ಅನುಮಾನಪಡುವುದಿಲ್ಲ. ಭಾನುವಾರ ನಲವತ್ತು ಜನರ ಮುಂದೆ ಚಿಕ್ಕವಳು ಗಂಭೀರವಾಗಿ ಕನ್ನಡಕ ಏರಿಸಿಕೊಂಡು ಅರ್ಧ ಪುಸ್ತಕದ ಮೇಲೆ ಭಾಷಣ ಮಾಡಲಿ. ಓದುವವಳಂತೆ, ಓದುವವಳು! ದೊಡ್ಡವಳು ಗಂಟು ಹಾಕಿ, ದಾರ ಕತ್ತರಿಸಿ, ಹದಿನಾರು ಪುಟವನ್ನು ಡ್ರಾಯರಿನ ತಳಕ್ಕೆ ಹಾಕಿ ಬೀಗ ತಿರುವಿದಳು. ಹೊಲಿಗೆ ಮಾತ್ರ ಅಚ್ಚುಕಟ್ಟಾಗಿತ್ತು.

ಭಾನುವಾರ ಮೂರೂವರೆಗೆ ಪಿಟೀಲು ತಲೆ ಬಾಚಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅಡುಗೆಮನೆಗೆ ಬಂದಳು. ಕೈಯಲ್ಲಿ ಆ ಪುಸ್ತಕ, ಅದರ ತುಂಬ ಬಣ್ಣದ ಚೀಟಿ.

"ಅಮ್ಮಾ, ಈರುಳ್ಳಿ ಬಿಡು, ಬಂದು ಕೂತ್ಕೋ. ಇವತ್ತು ಮಾತಾಡೋದು ನಾನು."

"ನೀನಾ?"

"ಚಿಕ್ಕಮ್ಮ ನನಗೇ ಬಿಟ್ಟುಕೊಟ್ರು. ಪುಸ್ತಕ ಅವರು ತೆಗೆದೂ ನೋಡಿಲ್ಲ, ನಾನು ಹೇಳೋದನ್ನ ಎಲ್ಲರ ಜೊತೆ ಮೊದಲ ಸಲ ಕೇಳ್ತಾರಂತೆ. ನಿನಗೆ ಹೇಳಿರಲಿಲ್ಲ, ಸರ್‌ಪ್ರೈಸ್ ಅಂತ."

ದೊಡ್ಡವಳ ಕೈಯಿಂದ ಚಾಕು ಜಾರಿ ಸಿಂಕಿಗೆ ಬಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಆ ಬರೆಯನ್ನು ಕಾಸಿದವಳು ಅವಳೇ, ಎಮ್ಮೆ ಅವಳದೇ ಮಗಳು.

"ಇವತ್ತು ಬೇಡ ಮರಿ. ಮುಂದಿನ ವಾರ ಮಾಡು."

"ಯಾಕೆ?"

"ನನಗೆ ತಲೆನೋವು."

"ನಿನಗೆ ತಲೆನೋವಾದ್ರೆ ನಾನ್ಯಾಕೆ ಮುಂದಿನ ವಾರ ಮಾಡಬೇಕು?"

ಗ್ರಂಥಾಲಯ ಊರಿನ ಆ ತುದಿಯಲ್ಲಿ, ಭಾನುವಾರ ಬಾಗಿಲೇ ತೆಗೆಯುವುದಿಲ್ಲ. ದೊಡ್ಡವಳು ಗೋಡೆಯ ಹತ್ತಿರ ಹೋಗಿ, ಯಾರೂ ನೋಡದಾಗ ಇಂಟರ್‌ನೆಟ್ಟಿನ ಡಬ್ಬಿಯ ವೈರು ಕಿತ್ತಳು. ಐದು ನಿಮಿಷ ಮನೆಯಲ್ಲಿ ಗಲಾಟೆ. ಆಮೇಲೆ ಗಂಡ ಬಂದು, ಬಗ್ಗಿ, "ಇಷ್ಟೇನಾ, ಸಡಿಲ ಆಗಿದೆ" ಅಂತ ಚುಚ್ಚಿಟ್ಟ. ಹುಟ್ಟಿದಾಗಿನಿಂದ ಮನೆಯ ಒಂದು ಬಲ್ಬು ಹಾಕಿಕೊಡದವನು ಅವತ್ತೇ ಚುರುಕಾಗಬೇಕೇ!

ಪಿಟೀಲು ಚೆನ್ನಾಗಿ ಮಾತಾಡಿದಳು. ಅದೇ ದೊಡ್ಡವಳಿಗೆ ತಡೆಯಲಾಗದ್ದು. ಕಾಲುವೆಯ ಕಚೇರಿ ಮುಚ್ಚಿದ್ದು, ಕಾವಲುಗಾರರು ಸಂಬಳವಿಲ್ಲದೆ ತೂಬು ಬಿಟ್ಟುಹೋದದ್ದು, ಎಲ್ಲವನ್ನೂ ಕಣ್ಣಿಗೆ ಕಟ್ಟುವ ಹಾಗೆ ಹೇಳಿದಳು. ಕೊನೆಗೆ ಗಂಟಲು ಸರಿಮಾಡಿಕೊಂಡು ಅಂದಳು: "ಲೇಖಕರು ನಮಗೆ ಯಾವ ಆಸೆಯನ್ನೂ ಉಳಿಸೋದಿಲ್ಲ. ಊರಲ್ಲಿ ಒಬ್ಬರೂ ಉಳಿಯೋದಿಲ್ಲ. ಪುಸ್ತಕ ಅಲ್ಲಿಗೆ ಬಾಗಿಲು ಹಾಕ್ಕೊಳ್ಳುತ್ತೆ."

ಪರದೆಯ ಮೇಲೆ ಹಲ್ಲಿನ ಡಾಕ್ಟ್ರು ಮೈಕು ಹಾಕಿದ. "ಮಗೂ, ಕೊನೇ ಅಧ್ಯಾಯದ ಹೆಸರೇ ‘ಉಳಿದವರು’. ನಲವತ್ತು ಮನೆಯೋರು ಉಳೀತಾರೆ. ನೀನು ಓದಿದ್ದೀಯೋ, ಯಾರೋ ಬರ್ಕೊಟ್ರೋ?"

ಯಾರೋ ನಕ್ಕರು. ಇನ್ನೊಬ್ಬರು, "ಈಗಿನ ಮಕ್ಕಳು ಮುಕ್ಕಾಲು ಓದಿದ್ರೂ ದೊಡ್ಡದು" ಅಂದರು. ಪಿಟೀಲಿನ ಕಿವಿ ಕೆಂಪಾದವು.

"ಇಲ್ಲಿ ಹಾಗಿಲ್ಲ ಸರ್. ನೋಡಿ, ಇಲ್ಲೇ ಮುಗಿಯುತ್ತೆ," ಅಂತ ಪುಸ್ತಕ ಎತ್ತಿ ಹಿಡಿದಳು. ದನಿ ಒಡೆಯಿತು. "ನಾನು ಎರಡು ಸಲ ಓದಿದೀನಿ."

ಪಕ್ಕದಲ್ಲಿದ್ದ ಚಿಕ್ಕವಳು ಪುಸ್ತಕ ಕೈಗೆ ತೆಗೆದುಕೊಂಡಳು. "ತಪ್ಪು ನಂದು. ಪ್ರತಿ ನಾನು ಕೊಟ್ಟಿದ್ದು, ನೋಡದೆ ಕೊಟ್ಟೆ. ಮಗೂನ ಅನ್ನಬೇಡಿ, ನನ್ನ ಅನ್ನಿ." ಅಷ್ಟರಲ್ಲಿ ಪಿಟೀಲು ಎದ್ದು ಓಡಿ ಕೋಣೆಯ ಬಾಗಿಲು ಹಾಕಿಕೊಂಡಿದ್ದಳು.

ಕೂಟ ಮುಗಿದ ಮೇಲೆ ಚಿಕ್ಕವಳು ಅಡುಗೆಮನೆಗೆ ಬಂದಳು. ದಿನವೂ ಗಾಜಿನ ಗೀರು ಹುಡುಕುವ ಕಣ್ಣು ಅವಳದು. ಪುಸ್ತಕದ ಬೆನ್ನನ್ನು ಬೆಳಕಿಗೆ ತಿರುಗಿಸಿದಳು.

"ಅಕ್ಕಾ, ಹಾಳೆ ಹರಿದಿಲ್ಲ. ದಾರ ಹೊಸದು."

ದೊಡ್ಡವಳು ಒಲೆಯ ಕಡೆ ನೋಡುತ್ತಾ ನಿಂತಳು.

"ನಾನು ಯಾರಿಗೂ ಹೇಳಲ್ಲ," ಅಂದಳು ಚಿಕ್ಕವಳು ಮೆಲ್ಲಗೆ. "ಹಳೇ ಪುಸ್ತಕ, ಮೊದಲಿಂದ ಹೀಗೇ ಇತ್ತು ಅಂತೀನಿ. ಪಿಟೀಲಿಗೆ ಗೊತ್ತಾಗೋದು ಬೇಡ."

ಬೈದಿದ್ದರೆ ಚೆನ್ನಾಗಿತ್ತು. ಕೂದಲು ಹಿಡಿದು ಎಳೆದಿದ್ದರೆ ಇನ್ನೂ ಚೆನ್ನಾಗಿತ್ತು.

ಊಟದ ಹೊತ್ತಿಗೆ ಪಿಟೀಲು ಊದಿದ ಕಣ್ಣಲ್ಲಿ ಬಂದು ಕೂತಳು. ಸೂಪು ಬಾಯಿಗೆ ಹೋಗಲಿಲ್ಲ. ಚಿಕ್ಕವಳು ಮಾತು ಕೊಟ್ಟ ಹಾಗೇ ಹೇಳಿದಳು: ಹಳೆ ಪ್ರತಿ, ಎಷ್ಟೋ ಕೈ ದಾಟಿ ಬಂದದ್ದು, ಯಾವ ಕಾಲದಲ್ಲೋ ಉದುರಿರಬೇಕು. ಪಿಟೀಲು ಅವಳ ಭುಜಕ್ಕೆ ತಲೆಯಿಟ್ಟಳು.

"ಪಾಪ ಚಿಕ್ಕಮ್ಮ. ನನಗೋಸ್ಕರ ನೀವು ಅನ್ನಿಸ್ಕೊಂಡ್ರಿ."

ದೊಡ್ಡವಳಿಗೆ ಇನ್ನು ತಡೆಯುವುದಕ್ಕಾಗಲಿಲ್ಲ. ಪಶ್ಚಾತ್ತಾಪ ಅಂತ ಯಾರಾದರೂ ತಿಳಿದುಕೊಂಡರೆ ತಪ್ಪು. ಮಗಳನ್ನು ತೆಗೆದುಕೊಂಡಳು, ಮೇಜು ತೆಗೆದುಕೊಂಡಳು, ಈಗ ದೊಡ್ಡತನವನ್ನೂ ಇವಳೇ ಹೊಡೆದುಕೊಂಡು ಹೋಗಬೇಕಾ? ಆ ಹೊಟ್ಟೆಕಿಚ್ಚೇ ದೊಡ್ಡವಳ ಬಾಯಿ ತೆರೆಸಿತು.

"ಉದುರಿದ್ದಲ್ಲ. ನಾನೇ ತೆಗೆದಿದ್ದು."

"ಏನು ತೆಗೆದೆ? ಕಸಾನಾ?" ಅಂದರು ಅತ್ತೆ.

"ಕೊನೇ ಹದಿನಾರು ಪುಟ. ಡ್ರಾಯರಲ್ಲಿದೆ. ಇವಳು ಮಾತಾಡ್ತಾಳೆ, ಇವಳ ಮರ್ಯಾದೆ ಹೋಗಲಿ ಅಂತ ಮಾಡಿದೆ. ನೀನು ಮಾತಾಡ್ತೀಯ ಅಂತ ಗೊತ್ತಿರಲಿಲ್ಲ."

ಗಂಡ ಚಮಚ ಕೆಳಗಿಟ್ಟ. ಪಿಟೀಲು ತಲೆಯೆತ್ತಿದಳು. "ಯಾಕಮ್ಮ?"

"ಹೊಟ್ಟೆ ಉರೀತು. ಇನ್ನೇನು ಹೇಳಲಿ? ನೀನು ಅವಳ ಹಿಂದೆ ಹಿಂದೆ ಸುತ್ತೋದು ನೋಡಿ ಹೊಟ್ಟೆ ಉರೀತು."

ಪಿಟೀಲು ತಟ್ಟೆ ಎತ್ತಿಕೊಂಡು ಹೋಗಿ ಸಿಂಕಿನಲ್ಲಿಟ್ಟು, ಕೋಣೆಗೆ ಹೋದಳು. ಚಿಕ್ಕವಳು ಏಳಹೊರಟಾಗ ಅತ್ತೆ ಕೈ ಹಿಡಿದು ಕೂರಿಸಿದರು. "ಕೂತ್ಕೋ. ಮಾಡಿದೋಳು ಉಣ್ಣಲಿ."

ಉಂಡಳು. ಸೋಮವಾರ ಗ್ರಂಥಪಾಲಕರಿಗೆ ತಾನೇ ಹೇಳಿ ಬೈಸಿಕೊಂಡಳು, ಹೊಲಿಗೆ ಬಿಚ್ಚಿ ಹದಿನಾರು ಪುಟ ಸೇರಿಸಿ ಮತ್ತೆ ಹೊಲಿದು, ಪುಸ್ತಕವನ್ನು ತಂದು ಮಗಳ ಮೇಜಿನ ಮೇಲಿಟ್ಟಳು. ಎರಡು ವಾರ ಪಿಟೀಲು ಮಾತಾಡಲಿಲ್ಲ. ಉಪ್ಪು ಅಮ್ಮನ ಕೈಯ ಪಕ್ಕದಲ್ಲೇ ಇದ್ದರೂ, "ಅಜ್ಜೀ, ಉಪ್ಪು ಕೊಡೋಕೆ ಹೇಳು."

"ಅವಳಿಗೆ ಕಿವಿ ಇದೆ, ನೀನೇ ಹೇಳು."

"ಅಜ್ಜೀ, ಉಪ್ಪು ಬೇಡ ಅಂತ ಹೇಳು."

"ನಾನೇನು ಪೋಸ್ಟ್ ಆಫೀಸಾ?" ಅಂತ ಅತ್ತೆ ರೇಗಿ, ಉಪ್ಪಿನ ಬಟ್ಟಲನ್ನು ಮೇಜಿನ ನಡುವೆ ಕುಕ್ಕಿದರು. ದೊಡ್ಡವಳು ದಿನಾ ಬೆಳಗ್ಗೆ ಬಾಗಿಲ ಹಿಂದೆ ನಿಂತು, ಮಗಳು ಸ್ಕೂಲಿನ ಬ್ಯಾಗು ಏರಿಸಿಕೊಂಡು ತಿರುಗಿ ನೋಡದೆ ಮೆಟ್ಟಿಲಿಳಿಯುವುದನ್ನು ನೋಡುತ್ತಿದ್ದಳು. ಇನ್ನು ಅವಳು ನನ್ನವಳಲ್ಲ, ನನ್ನ ಕೈಯಾರೆ ಕೊಟ್ಟುಬಿಟ್ಟೆ ಅಂತ ಒಂದು ದಿನ ಗಂಡನ ಮುಂದೆ ಅತ್ತಳು. ಗಂಡ ಹಳೆ ಬನಿಯನ್ನೊಂದು ಕೊಟ್ಟ, ಮೂಗು ಒರೆಸಿಕೊಳ್ಳುವುದಕ್ಕೆ.

ಮೂರನೇ ಭಾನುವಾರ ಕೂಟ ಮತ್ತೆ ಅದೇ ಪುಸ್ತಕಕ್ಕೆ ಬಂತು. ಪಿಟೀಲು ತಾನೇ ಕೇಳಿಕೊಂಡಿದ್ದಳಂತೆ. ದೊಡ್ಡವಳನ್ನು ಯಾರೂ ಕರೆಯಲಿಲ್ಲ. ಅಡುಗೆಮನೆಯ ಬೆಂಚಿನ ಮೇಲೆ ಬೀನ್ಸು ಬಿಡಿಸುತ್ತಾ ಕೂತಳು. ಬಾಗಿಲು ಅರ್ಧ ತೆರೆದಿತ್ತು.

"ಹೋದ ಸಲ ನಾನು ತಪ್ಪು ಹೇಳಿದ್ದೆ," ಪಿಟೀಲಿನ ದನಿ. "ನನ್ನ ಪ್ರತೀಲಿ ಕೊನೇ ಹದಿನಾರು ಪುಟ ಇರಲಿಲ್ಲ."

"ಅದು ಬೈಂಡಿಂಗಿನ ದೋಷ," ಚಿಕ್ಕವಳು ನಡುವೆ ಬಾಯಿ ಹಾಕಿದಳು, "ಹಳೇ ಪುಸ್ತಕಗಳಲ್ಲಿ ಹೀಗೆ..."

"ಬಿಡಿ ಚಿಕ್ಕಮ್ಮ. ನಮ್ಮಮ್ಮನ ವಿಷಯ ನಾನು ಹೇಳ್ತೀನಿ."

ಬೀನ್ಸು ಬಿಡಿಸುವ ಕೈ ನಿಂತಿತು.

"ನಮ್ಮಮ್ಮ ಲೈಬ್ರರೀಲಿ ಪುಸ್ತಕ ಹೊಲಿತಾರೆ. ಆ ಪುಟಗಳನ್ನ ಅವರೇ ತೆಗೆದಿಟ್ಟಿದ್ರು."

"ಯಾಕೆ?" ಹಲ್ಲಿನ ಡಾಕ್ಟ್ರು ಬಿಡುವ ಪೈಕಿಯಲ್ಲ.

"ಹೊಟ್ಟೆಕಿಚ್ಚು ಸರ್."

ದೊಡ್ಡವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಅದಕ್ಕೆ ಕಾರಣ ನಾನು ಆಡಿದ ಒಂದು ಮಾತು," ಪಿಟೀಲು ಮುಂದುವರಿಸಿದಳು. "ಏನು ಮಾತು ಅಂತ ಇಲ್ಲಿ ಹೇಳಲ್ಲ. ಅದು ನನಗೂ ಅಮ್ಮನಿಗೂ ಇರೋದು. ಮಧ್ಯ ಯಾರೂ ಬರೋದು ಬೇಡ. ಈಗ ಕೊನೇ ಅಧ್ಯಾಯ ಓದ್ತೀನಿ. ಇದನ್ನ ಹೊಲಿದಿರೋದೂ ನಮ್ಮಮ್ಮನೇ, ಕೈಬಿಟ್ರೂ ಪುಟ ಉದುರಲ್ಲ."

ಓದುವ ದನಿ ಶುರುವಾಯಿತು. ದೊಡ್ಡವಳು ಬೀನ್ಸಿನ ಬುಟ್ಟಿಯ ಮೇಲೆ ಬಗ್ಗಿ, ಶಬ್ದ ಬರದ ಹಾಗೆ ಬಾಯಿಗೆ ಕೈಯಿಟ್ಟುಕೊಂಡಳು. ಊರೆಲ್ಲ ಕೇಳುವ ಹಾಗೆ ಮಾನ ಹೋಗಿತ್ತು. ಆದರೆ ಮಗಳು ‘ನಮ್ಮಮ್ಮ’ ಅಂದಿದ್ದಳು. ಎರಡು ಸಲವೋ, ಮೂರು ಸಲವೋ, ಎಣಿಸುವುದು ಮರೆತಳು.

ಚಿಕ್ಕವಳು ಕೂಟದ ನಡುವೆ ಎದ್ದು ಅಡುಗೆಮನೆಗೆ ಬಂದಳು. ಇಷ್ಟು ದಿನದಲ್ಲಿ ಒಂದು ಸಲವೂ ಹಾಗೆ ಎದ್ದು ಬಂದವಳಲ್ಲ. ಕಪಾಟು ತೆಗೆದಳು, ಮುಚ್ಚಿದಳು.

"ಸಕ್ಕರೆ ಎಲ್ಲಿಟ್ಟಿದೀರಿ ಅಕ್ಕ?"

ಎದುರಿಗೇ ಇತ್ತು. ದೊಡ್ಡವಳು ಅವಳ ಮುಖ ನೋಡಿದಳು. ನೋಡಿದ ತಕ್ಷಣ ಗುರುತು ಹತ್ತಿತು, ತನ್ನದೇ ಹೊಟ್ಟೆಯುರಿ. ಕೆಳತುಟಿ ಒಳಗೆ ಎಳೆದುಕೊಂಡದ್ದು, ಕಣ್ಣು ಬೇರೆಲ್ಲೋ ಇಟ್ಟುಕೊಂಡದ್ದು. ಖುಷಿಯಾಯಿತು. ಸುಳ್ಳು ಯಾಕೆ ಹೇಳಬೇಕು, ದೊಡ್ಡವಳಿಗೆ ಚೆನ್ನಾಗಿಯೇ ಖುಷಿಯಾಯಿತು.

"ಒಳಗೆ ಹೋಗೇ. ಅವಳು ನಿನ್ನ ಹುಡುಕ್ತಾಳೆ," ಅಂದಳು.

"ಇಲ್ಲ ಅಕ್ಕ. ಹುಡುಕಲ್ಲ," ಅಂದಳು ಚಿಕ್ಕವಳು, ಸಕ್ಕರೆ ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡು. ಕಣ್ಣು ತುಂಬಿಕೊಂಡಿತ್ತು.

ಆ ಖುಷಿ ಅಲ್ಲಿಗೇ ನಿಂತಿತು. ಈ ಉರಿ ಎಂಥದೆಂದು ಮನೆಯಲ್ಲಿ ಬೇರೆ ಯಾರಿಗೆ ಗೊತ್ತು? ದೊಡ್ಡವಳು ಬೆಂಚಿನ ಮೇಲೆ ಒಂದಿಷ್ಟು ಸರಿದಳು.

"ಬಾ, ಕೂತ್ಕೋ. ಇಲ್ಲಿಂದ ಚೆನ್ನಾಗಿ ಕೇಳ್ಸುತ್ತೆ."